ತಮ್ಮನಿಗೆ ಗೀಳು ಕಾಯಿಲೆಯ ಜೊತೆಗೆ ಬೈಪೋಲಾರ್ ಕೂಡ ಇದೆ ಎಂದಿದ್ದಾರೆ: ಮೊದಲು ಯಾವುದಕ್ಕೆ ಚಿಕಿತ್ಸೆ?

ಪ್ರಶ್ನೆ: ಒಬ್ಬ ಅಕ್ಕ, ಕಲಬುರಗಿ

ನನ್ನ ತಮ್ಮನಿಗೆ ಈಗ 26 ವರ್ಷ. ಪಿಯುಸಿ ಓದುತ್ತಿದ್ದಾಗ, ಸುಮಾರು 17ನೇ ವಯಸ್ಸಿನಲ್ಲಿ, ಅವನಿಗೆ ಕೈ ತೊಳೆಯುವ ಗೀಳು ಶುರುವಾಯಿತು. ಹೊರಗಿನಿಂದ ಬಂದ ಕೂಡಲೇ ಬಚ್ಚಲಿಗೆ ಹೋಗಿ ಎಣಿಸಿ 11 ಚರಗಿ ನೀರನ್ನು ಕೈಮೇಲೆ ಸುರಿದುಕೊಳ್ಳಬೇಕು; ನಡುವೆ ಯಾರಾದರೂ ಮಾತನಾಡಿಸಿದರೆ, ಇಲ್ಲವೇ ನೆಲಕ್ಕೆ ಬಿದ್ದ ನೀರಿನ ಒಂದು ಹನಿ ಸಿಡಿದು ಕೈಗೆ ತಾಗಿದರೆ, ಎಣಿಕೆ ಮತ್ತೆ ಒಂದರಿಂದ. ನಮ್ಮ ಓಣಿಗೆ ನಳದ ನೀರು ದಿನವೂ ಬರುವುದಿಲ್ಲ. ಮನೆಮಂದಿಗೆಲ್ಲ ಸಾಕಾಗಬೇಕಾದ ಡ್ರಮ್ಮು ಒಂದೇ ಸಂಜೆಗೆ ಖಾಲಿಯಾಗುವುದನ್ನು ನೋಡಲಾರದೆ ಅವ್ವ ತಾನೇ ಚರಗಿ ಹಿಡಿದು, ತಾನೇ ಎಣಿಸಿ, ಅವನ ಕೈಗೆ ನೀರು ಹಾಕತೊಡಗಿದಳು. ಅವನ ಬೆರಳ ಸಂದಿಗಳಲ್ಲಿ ಚರ್ಮ ಬಿಳಿಚಿಕೊಂಡು ಬಿರಿದಿರುತ್ತಿತ್ತು. ರೊಟ್ಟಿಗೆ ಖಾರದ ಪಲ್ಯ ಹಚ್ಚಿಕೊಂಡರೆ ಉರಿ ತಾಳದೆ ಊಟ ಬಿಟ್ಟು ಏಳುತ್ತಿದ್ದ.

ಎರಡು ವರ್ಷದ ಹಿಂದೆ ಒಬ್ಬ ಮನೋವೈದ್ಯರಿಗೆ ತೋರಿಸಿದೆವು. ಇದು ಗೀಳು ಕಾಯಿಲೆ, ಓಸಿಡಿ ಎಂದು ಹೇಳಿ ಫ್ಲುಯೊಕ್ಸೆಟಿನ್ ಶುರು ಮಾಡಿ, ಹಂತಹಂತವಾಗಿ 60 ಮಿಲಿಗ್ರಾಂವರೆಗೆ ಏರಿಸಿದರು. ಆ ಪ್ರಮಾಣಕ್ಕೆ ಬಂದು ಐದು ವಾರ ಕಳೆದಿರಬಹುದು, ಕೈ ತೊಳೆಯುವುದು ನಾಲ್ಕೈದು ದಿನಗಳಲ್ಲಿ ಪೂರ್ತಿ ನಿಂತೇ ಹೋಯಿತು. "ನನ್ನ ಮಗ ವಾಪಸ್ ಬಂದ" ಎಂದು ಅವ್ವ ಓಣಿಗೆಲ್ಲ ಪೇಡೆ ಹಂಚಿದಳು. ಅವನು ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ರಾತ್ರಿ ಎರಡಕ್ಕೆ ಮಲಗಿ ನಸುಕಿನ ಐದಕ್ಕೆ ಎದ್ದು ಗಂಜಿಗೆ ಹೊರಡುತ್ತಿದ್ದ, ದಣಿವೇ ಇರಲಿಲ್ಲ. ನಾವು ಅದನ್ನು ಹುರುಪು ಎಂದುಕೊಂಡೆವು. ಆಮೇಲೆ ಗೊತ್ತಾದದ್ದು ಏನೆಂದರೆ, ಅವನು ತನ್ನ ಹೆಸರಿನಲ್ಲಿ ಸಾಲ ಎತ್ತಿ ತೊಗರಿಗೆ ಮುಂಗಡ ಕೊಟ್ಟಿದ್ದ, ದಾಲ್ ಮಿಲ್ ಹಾಕುವುದಾಗಿ ನಾಲ್ವರಿಗೆ ಮಾತು ಕೊಟ್ಟಿದ್ದ. ಖಾತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಆ ಮಿಲ್ಲಿನ ನಕ್ಷೆ ಬರೆದಿದ್ದ. ಮೊದಲ ಪುಟದಲ್ಲಿ ಅವನ ಎಂದಿನ ಸಣ್ಣ, ದುಂಡಗಿನ ಅಕ್ಷರಗಳಿವೆ. ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ಅಕ್ಷರಗಳು ಗೆರೆ ದಾಟಿ, ಪುಟಕ್ಕೆ ಮೂರೇ ಪದ ಹಿಡಿಸುವಷ್ಟು ದೊಡ್ಡದಾಗಿವೆ. ಫೋನು ಕಸಿದುಕೊಂಡ ಅಪ್ಪನ ಮೇಲೆ ಕೈಮಾಡಿದ ದಿನ ಆಸ್ಪತ್ರೆಗೆ ಸೇರಿಸಿದೆವು.

ಅಲ್ಲಿ ಇದು ಉನ್ಮಾದ, ಮನಸ್ಸು ಕೆಲಕಾಲ ಅತಿಯಾಗಿ ಉಬ್ಬಿ ಕೆಲಕಾಲ ಖಿನ್ನತೆಗೆ ಕುಗ್ಗುವ ಬೈಪೋಲಾರ್ ಕಾಯಿಲೆ ಎಂದು ಹೇಳಿ ಫ್ಲುಯೊಕ್ಸೆಟಿನ್ ನಿಲ್ಲಿಸಿ, ಮನಸ್ಥಿತಿಯನ್ನು ಹಿಡಿದಿಡುವ ಲಿಥಿಯಂ ಮತ್ತು ಕ್ವೆಟಿಯಾಪಿನ್ ಕೊಟ್ಟರು. ಈಗ ಐದು ತಿಂಗಳಾಗಿದೆ. ಮನಸ್ಸು ಶಾಂತವಾಗಿದೆ, ನಿದ್ದೆ ಬರುತ್ತದೆ, ಆದರೆ 11 ಚರಗಿ ಮರಳಿ ಬಂದಿದೆ, ಅವ್ವನೂ ಚರಗಿ ಹಿಡಿದಿದ್ದಾಳೆ. ಮೊದಲಿನ ರೋಗನಿರ್ಣಯ ತಪ್ಪೇ, ಅಥವಾ ಎರಡೂ ಕಾಯಿಲೆ ಒಟ್ಟಿಗೆ ಇರಲು ಸಾಧ್ಯವೇ? ಒಂದರ ಮಾತ್ರೆ ಇನ್ನೊಂದನ್ನು ಕೆರಳಿಸುವುದಾದರೆ ಚಿಕಿತ್ಸೆಗೆ ದಾರಿ ಯಾವುದು?

ಉತ್ತರ: ಎರಡನ್ನೂ ಅನುಭವಿಸುತ್ತಿರುವ ಶಿಕ್ಷಕ, ಬೀದರ್

ಅಕ್ಕಾ, ಎರಡೂ ಒಟ್ಟಿಗೆ ಇರಲು ಸಾಧ್ಯ. ನಾನೇ ಅದಕ್ಕೆ ಸಾಕ್ಷಿ. ನನ್ನದು ತೊಳೆಯುವ ಗೀಳಲ್ಲ, ಸಂಶಯದ ಗೀಳು. ಶಾಲೆಗೆ ಹೊರಟವನು ಗ್ಯಾಸಿನ ಗುಬ್ಬಿ ತಿರುವಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮರಳುತ್ತಿದ್ದೆ, ನೋಡಿ ಬೀಗ ಹಾಕಿದ ಮೇಲೆ ನೋಡಿದ್ದೇ ನಿಜವೋ ಎಂಬ ಸಂಶಯ. ನನಗೂ ಎಂಟು ವರ್ಷ ಬರೀ ಓಸಿಡಿ ಎಂದೇ ಚಿಕಿತ್ಸೆ ನಡೆಯಿತು. ಅದರಲ್ಲಿ ವೈದ್ಯರ ತಪ್ಪಿಗಿಂತ ನನ್ನ ಮೌನವೇ ದೊಡ್ಡದು. ಕುಗ್ಗಿದಾಗ, ಗೀಳು ಹೆಚ್ಚಾದಾಗ ಮಾತ್ರ ನಾನು ಆಸ್ಪತ್ರೆಗೆ ಹೋಗುತ್ತಿದ್ದೆ. ವರ್ಷಕ್ಕೊಮ್ಮೆ, ಹೆಚ್ಚಾಗಿ ಬೇಸಿಗೆ ರಜೆಯ ಹೊತ್ತಿಗೆ, ಎರಡು ಮೂರು ವಾರ ನಿದ್ದೆ ಬೇಕೆನ್ನಿಸದೆ, ಮನೆಗೆ ಬಣ್ಣ ಹೊಡೆದು, ಊರಿನ ಮಕ್ಕಳಿಗೆಲ್ಲ ಪುಕ್ಕಟೆ ಪಾಠ ಹೇಳಿ, ತಿಂಗಳ ಸಂಬಳವನ್ನು ಪುಸ್ತಕಗಳಿಗೆ ಸುರಿದುಬಿಡುತ್ತಿದ್ದ ದಿನಗಳನ್ನು ನಾನು ಕಾಯಿಲೆ ಎಂದು ಎಣಿಸಿರಲೇ ಇಲ್ಲ. ಆ ದಿನಗಳಲ್ಲಿ ಗ್ಯಾಸಿನ ಗುಬ್ಬಿ ನೆನಪಿಗೂ ಬರುತ್ತಿರಲಿಲ್ಲ, ಹಾಗಿರುವಾಗ ಅದನ್ನು ಹೇಳಿಕೊಳ್ಳಲು ಯಾರು ಹೋಗುತ್ತಾರೆ?

ಒಳಗಿನಿಂದ ನೋಡಿದರೆ ಎರಡಕ್ಕೂ ಒಂದು ಸ್ಪಷ್ಟ ವ್ಯತ್ಯಾಸವಿದೆ. ಗೀಳಿನ ಆಲೋಚನೆ ನನಗೆ ಬೇಡವಾದದ್ದು, ಅದು ಅರ್ಥಹೀನವೆಂದು ನನಗೇ ಗೊತ್ತು, ಆದರೂ ಅದು ಬಿಡುವುದಿಲ್ಲ. ಉನ್ಮಾದದ ಆಲೋಚನೆ ಹಾಗಲ್ಲ. ಅದು ನನ್ನದೇ, ಪ್ರಿಯವಾದದ್ದು, ಬೇರೆಯವರಿಗೆ ಏಕೆ ತಿಳಿಯುತ್ತಿಲ್ಲ ಎಂದು ಸಿಟ್ಟು ಬರಿಸುವಂಥದ್ದು. ನಿಮ್ಮ ತಮ್ಮನ ಚರಗಿ ಮೊದಲನೆಯದು, ದಾಲ್ ಮಿಲ್ ಎರಡನೆಯದು.

ಗೀಳು ಇರುವವನ ಕೈಗೆ ಲಿಥಿಯಂ ಡಬ್ಬಿ ಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಮಾತ್ರೆ ನುಂಗಿದೆನೋ ಇಲ್ಲವೋ ಎಂಬ ಸಂಶಯ ನನಗೆ ರಾತ್ರಿಯೆಲ್ಲ ಇರುತ್ತಿತ್ತು. ಒಮ್ಮೆ ಆ ಸಂಶಯದಲ್ಲೇ ಎರಡು ಸಲ ನುಂಗಿಬಿಟ್ಟೆ. ಲಿಥಿಯಂ ವಿಷಯದಲ್ಲಿ ಅದು ಸಣ್ಣ ತಪ್ಪಲ್ಲ. ಈಗ ವಾರದ ಏಳು ಮನೆಗಳಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಭಾನುವಾರ ಹೆಂಡತಿ ತುಂಬಿಡುತ್ತಾಳೆ. ಡಬ್ಬಿಯಲ್ಲಿ ಆ ದಿನದ ಮನೆ ಖಾಲಿ ಇದ್ದರೆ ನುಂಗಿದ್ದೇನೆ ಎಂದೇ ಅರ್ಥ. ಒಂದು ಸಲ ನೋಡಬಹುದು, ಎರಡನೆಯ ಸಲ ನೋಡುವುದು ಗೀಳು.

ಉತ್ತರ: ಮನೋವೈದ್ಯ, ಕಲಬುರಗಿ ಜಿಲ್ಲೆಯವರು

ನಿಮ್ಮ ತಮ್ಮನನ್ನು ನೋಡದೆ ಔಷಧ ಸೂಚಿಸುವುದು ಸರಿಯಲ್ಲ. ಆದರೆ ಚಿಕಿತ್ಸೆಯ ಕ್ರಮ ಮತ್ತು ಅದರ ಹಿಂದಿನ ಕಾರಣವನ್ನು ತಿಳಿದುಕೊಂಡರೆ ನಿಮ್ಮ ವೈದ್ಯರೊಂದಿಗೆ ಮಾತನಾಡಲು ಅನುಕೂಲವಾಗುತ್ತದೆ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಓಸಿಡಿಯ ಪ್ರಮಾಣ ಶೇ. 0.8, ಬೈಪೋಲಾರ್ ಪ್ರಮಾಣ ಶೇ. 0.3. ಇವೆರಡೂ ಬರೀ ಆಕಸ್ಮಿಕವಾಗಿ ಕೂಡುವುದಾಗಿದ್ದರೆ ಎರಡೂ ಇರುವವರು ಬಹಳ ಅಪರೂಪವಾಗಬೇಕಿತ್ತು. ಆದರೆ ಬೈಪೋಲಾರ್ ಇರುವ ನೂರು ಜನರಲ್ಲಿ ಸುಮಾರು ಹತ್ತರಿಂದ ಇಪ್ಪತ್ತು ಜನರಿಗೆ ಓಸಿಡಿ ಕಾಣಿಸುತ್ತದೆ. ಅವರಲ್ಲಿ ಅನೇಕರ ಗೀಳು ಖಿನ್ನತೆಯಲ್ಲಿ ಏರಿ ಉನ್ಮಾದದಲ್ಲಿ ಇಳಿಯುತ್ತದೆ, ಮನಸ್ಥಿತಿ ಸಮತೋಲನಕ್ಕೆ ಬಂದಾಗ ತಾನಾಗಿಯೇ ತಗ್ಗುತ್ತದೆ. ಬೀದರಿನ ಶಿಕ್ಷಕರು ಬರೆದಿರುವುದು ಬಹುಮಟ್ಟಿಗೆ ಇದನ್ನೇ. ಇನ್ನು ಕೆಲವರಲ್ಲಿ ಗೀಳು ಮೊದಲೇ, ಹದಿಹರೆಯದಲ್ಲೇ ಬಂದು, ಮನಸ್ಸು ಶಾಂತವಾಗಿದ್ದಾಗಲೂ ಉಳಿದಿರುತ್ತದೆ. ಅಂಥವರಿಗೆ ಗೀಳಿಗೆಂದೇ ಪ್ರತ್ಯೇಕ ಚಿಕಿತ್ಸೆ ಬೇಕು. ನಿಮ್ಮ ವಿವರಣೆಯಿಂದ ನಿಮ್ಮ ತಮ್ಮ ಈ ಎರಡನೆಯ ಗುಂಪಿನವನಂತೆ ತೋರುತ್ತಾನೆ. ಹಾಗಾಗಿ ಮೊದಲಿನ ರೋಗನಿರ್ಣಯ ತಪ್ಪಲ್ಲ, ಅಪೂರ್ಣ.

ಫ್ಲುಯೊಕ್ಸೆಟಿನ್ ಕೂಡ ತಪ್ಪು ಔಷಧವಲ್ಲ. ಮೆದುಳಿನ ಸೆರಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧಗಳೇ ಓಸಿಡಿಗೆ ಮೊದಲ ಆಯ್ಕೆ. ಖಿನ್ನತೆಗೆ ಬೇಕಾಗುವುದಕ್ಕಿಂತ ಹೆಚ್ಚಿನ ಪ್ರಮಾಣ ಬೇಕು, ಪರಿಣಾಮಕ್ಕೆ 8ರಿಂದ 12 ವಾರ ಕಾಯಬೇಕು. ತೊಂದರೆ ಬರುವುದು ಬೈಪೋಲಾರ್ ಒಳಗೇ ಅಡಗಿದ್ದಾಗ: ಮನಸ್ಥಿತಿಯನ್ನು ಹಿಡಿದಿಡುವ ಔಷಧ ಜೊತೆಗಿಲ್ಲದಿದ್ದರೆ ಇದೇ ಮಾತ್ರೆ ಕೆಲವರನ್ನು ಉನ್ಮಾದಕ್ಕೆ ತಳ್ಳಬಲ್ಲದು. ಹಳೆಯ ಔಷಧವಾದ ಕ್ಲೋಮಿಪ್ರಮಿನ್‌ನಲ್ಲಿ ಆ ಅಪಾಯ ಇನ್ನೂ ಹೆಚ್ಚು. ಒಂದು ಮಾತನ್ನು ಇಲ್ಲಿ ಓದುತ್ತಿರುವ ಎಲ್ಲ ಮನೆಯವರೂ ನೆನಪಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಓಸಿಡಿ ಔಷಧಕ್ಕೆ ಸ್ಪಂದಿಸುವುದು ಸಾಮಾನ್ಯವಾಗಿ ನಿಧಾನವಾಗಿ, ಭಾಗಶಃ. ಎರಡು ತಾಸಿನ ತೊಳೆಯುವಿಕೆ ಒಂದೂವರೆ ತಾಸಿಗೆ, ಆಮೇಲೆ ಒಂದಕ್ಕೆ ಬರುತ್ತದೆ. ವರ್ಷಗಟ್ಟಲೆ ಇದ್ದ ಗೀಳು ನಾಲ್ಕು ದಿನದಲ್ಲಿ ಮಾಯವಾಗಿ, ಅದರ ಜೊತೆಗೇ ನಿದ್ದೆಯ ಅಗತ್ಯವೂ ಕಡಿಮೆಯಾಗಿ, ಮಾತು ಮತ್ತು ಖರ್ಚು ಹೆಚ್ಚಾದರೆ ಅದನ್ನು ಗುಣವೆಂದು ತಿಳಿಯದೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ಮಾತ್ರೆ ನಿಲ್ಲಿಸಿದ ಮೇಲೂ ಉನ್ಮಾದ ಹಲವು ವಾರ ಮುಂದುವರಿಯಬಹುದು, ಏಕೆಂದರೆ ಫ್ಲುಯೊಕ್ಸೆಟಿನ್ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ.

ನಾವು ವೈದ್ಯರೂ ಕೇಳಬೇಕಾದ ಪ್ರಶ್ನೆಗಳಿವೆ, ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಅವು ಉಳಿದುಬಿಡುತ್ತವೆ. ನಿದ್ದೆಯಿಲ್ಲದೆಯೂ ದಣಿವಾಗದ ದಿನಗಳು ಸತತವಾಗಿ ನಾಲ್ಕು, ಒಂದು ವಾರ, ಹೀಗೆ ಎಂದಾದರೂ ಇದ್ದವೇ? ಗೀಳು ಸದಾ ಒಂದೇ ಸಮ ಇದೆಯೇ, ಅಥವಾ ಋತುವಿನಂತೆ ಬಂದು ಹೋಗುತ್ತದೆಯೇ? ತಾಯಿಯ ಅಥವಾ ತಂದೆಯ ಕಡೆ ಯಾರಿಗಾದರೂ ಹೀಗಾಗಿತ್ತೇ? ಮನೆ ಬಿಟ್ಟು ಹೋದ ಸೋದರಮಾವ, ಹೊಲ ಮಾರಿ ಹಂಚಿದ ದೊಡ್ಡಪ್ಪ ಎಂಬ ಮಾತು ಈ ಪ್ರಶ್ನೆಗೇ ಹೊರಬರುತ್ತದೆ, ಬೈಪೋಲಾರ್ ಎಂಬ ಹೆಸರಿಗೆ ಯಾರೂ ಹೂಂಗುಡುವುದಿಲ್ಲ.

ಚಿಕಿತ್ಸೆಯ ಕ್ರಮದಲ್ಲಿ ಮೊದಲು ಮನಸ್ಥಿತಿಯ ಸಮತೋಲನ, ಆಮೇಲೆ ಗೀಳು. ಲಿಥಿಯಂ, ವಾಲ್ಪ್ರೊಯೇಟ್, ಕ್ವೆಟಿಯಾಪಿನ್ ಮುಂತಾದವುಗಳಿಂದ ಮನಸ್ಸು ಹಲವು ತಿಂಗಳು ಸ್ಥಿರವಾಗಿ ನಿಂತ ನಂತರ, ಗೀಳಿಗೆ ಉನ್ಮಾದದ ಭಯವಿಲ್ಲದ ಚಿಕಿತ್ಸೆಯೊಂದಿದೆ: ಭಯಪಡುವ ವಸ್ತುವನ್ನು ಎದುರಿಸಿ, ತೊಳೆಯುವ ಅಥವಾ ಪರೀಕ್ಷಿಸುವ ಕ್ರಿಯೆಯನ್ನು ತಡೆಹಿಡಿಯುವ ವರ್ತನಾ ಚಿಕಿತ್ಸೆ, ಇಆರ್‌ಪಿ. ಅದರಿಂದ ಸಾಕಷ್ಟು ಫಲ ಸಿಗದಿದ್ದರೆ ಮಾತ್ರ, ಮನಸ್ಥಿತಿ ಸ್ಥಿರಕಾರಿಯ ರಕ್ಷಣೆಯಲ್ಲಿ, ಸಣ್ಣ ಪ್ರಮಾಣದಿಂದ ಎಸ್‌ಎಸ್‌ಆರ್‌ಐಯನ್ನು ಮತ್ತೆ ಯೋಚಿಸಬಹುದು. ಅರಿಪಿಪ್ರಜೋಲ್ ಉನ್ಮಾದಕ್ಕೂ ಉಪಯೋಗ, ಓಸಿಡಿಯಲ್ಲಿ ಪೂರಕವಾಗಿಯೂ ಬಳಕೆಯಲ್ಲಿದೆ, ಹೀಗಾಗಿ ಕೆಲವು ವೈದ್ಯರು ಅದನ್ನು ಆರಿಸುತ್ತಾರೆ. ಕ್ಲೋಜಪಿನ್, ಒಲಾಂಜಪಿನ್‌ನಂಥ ಔಷಧಗಳು ಕೆಲವರಲ್ಲಿ ಗೀಳಿನ ಲಕ್ಷಣಗಳನ್ನು ಹೆಚ್ಚಿಸಬಹುದು. ಔಷಧ ಬದಲಾದ ಮೇಲೆ ಗೀಳು ಏರಿದರೆ ದಿನಾಂಕ ಸಮೇತ ತಿಳಿಸಿ. ಓದುವ ಹೆಣ್ಣುಮಕ್ಕಳಿಗಾಗಿ ಒಂದು ಮಾತು: ವಾಲ್ಪ್ರೊಯೇಟ್ ಗರ್ಭದಲ್ಲಿರುವ ಮಗುವಿಗೆ ಗಂಭೀರ ಹಾನಿ ಮಾಡಬಲ್ಲದು, ಮದುವೆಯ ಅಥವಾ ಮಕ್ಕಳ ಯೋಚನೆ ಇದ್ದರೆ ಮೊದಲೇ ಹೇಳಿ. ಆದರೆ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಎರಡೂ ಕಾಯಿಲೆ ಇರುವವರಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು. "ಸಾಯಬೇಕೆನ್ನಿಸುತ್ತಿದೆಯೇ" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೈಮುಗಿಯುತ್ತೇನೆ. ಅಪೂರ್ಣ ಎಂಬ ಆ ಒಂದು ಪದ ಓದಿ ಎರಡು ವರ್ಷದ ಸಿಟ್ಟು ಸ್ವಲ್ಪ ಇಳಿಯಿತು. ಸೋದರಮಾವನ ಮಾತು ಕೇಳಿದಾಗ ಅವ್ವ ಬಹಳ ಹೊತ್ತು ಸುಮ್ಮನಿದ್ದು, ತನ್ನ ಚಿಕ್ಕಪ್ಪ ಒಂದು ವರ್ಷ ಗಾಣಗಾಪುರದಲ್ಲೇ ಉಳಿದಿದ್ದನ್ನು ಮೊದಲ ಬಾರಿಗೆ ಹೇಳಿದಳು. ಎರಡು ಸಂಶಯ ಉಳಿದಿವೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಅವನು ಗಂಜಿನ ತಗಡಿನ ಕೆಳಗೆ ಕೂರುತ್ತಾನೆ. ಲಿಥಿಯಂ ತೆಗೆದುಕೊಳ್ಳುವವರು ಬಿಸಿಲಿಗೆ ಎಚ್ಚರವಾಗಿರಬೇಕು ಎನ್ನುತ್ತಾರೆ, ಏನು ಎಚ್ಚರ? ಮತ್ತೆ, ಅವ್ವ ಚರಗಿ ಹಿಡಿಯುವುದನ್ನು ಇಂದೇ ನಿಲ್ಲಿಸಬೇಕೇ?

ಉತ್ತರ: ಮನೋವೈದ್ಯ, ಕಲಬುರಗಿ ಜಿಲ್ಲೆಯವರು

ಬಿಸಿಲಿನ ಪ್ರಶ್ನೆ ನಮ್ಮ ಭಾಗದವರು ಕೇಳಲೇಬೇಕಾದದ್ದು. ಲಿಥಿಯಂ ಒಂದು ಲವಣ. ಅದನ್ನು ಹೊರಹಾಕುವುದು ಮೂತ್ರಪಿಂಡ. ಬೆವರಿ ನೀರು ಮತ್ತು ಉಪ್ಪು ಕಡಿಮೆಯಾದಾಗ ಮೂತ್ರಪಿಂಡವು ಸೋಡಿಯಂ ಉಳಿಸಿಕೊಳ್ಳುವ ಭರದಲ್ಲಿ ಲಿಥಿಯಂ ಅನ್ನೂ ಉಳಿಸಿಕೊಳ್ಳುತ್ತದೆ, ಆಗ ಅದೇ ಪ್ರಮಾಣದ ಮಾತ್ರೆಗೆ ರಕ್ತದ ಮಟ್ಟ ಏರುತ್ತದೆ. ದೀರ್ಘಕಾಲದ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇಡುತ್ತೇವೆ, 1.5 ದಾಟಿದರೆ ವಿಷಪರಿಣಾಮದ ಅಪಾಯ. ಇದಕ್ಕಾಗಿ ದಿನವೂ ಒಂದೇ ಸಮನಾಗಿ ನೀರು, ಮಜ್ಜಿಗೆ ಕುಡಿಯಬೇಕು, ಊಟದ ಉಪ್ಪನ್ನು ಇದ್ದಕ್ಕಿದ್ದಂತೆ ಬಿಡಬಾರದು. ನೀರೂ ಇಲ್ಲದ ಉಪವಾಸವಿದ್ದರೆ, ಅದು ಶ್ರಾವಣದ್ದಾಗಲಿ ರಂಜಾನಿನದಾಗಲಿ, ಮೊದಲೇ ವೈದ್ಯರನ್ನು ಕೇಳಬೇಕು. ವಾಂತಿ ಭೇದಿಯಾದ ದಿನ ಮಾತ್ರೆ ನುಂಗುವ ಮೊದಲೇ ಫೋನ್ ಮಾಡಿ. ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ಕೊಡಬೇಡಿ, ಅವು ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಕೆಲವು ರಕ್ತದೊತ್ತಡದ ಮಾತ್ರೆಗಳೂ ಹಾಗೆಯೇ. ಕೈ ದೊಡ್ಡದಾಗಿ ನಡುಗುವುದು, ನಾಲಿಗೆ ತೊದಲುವುದು, ನಡಿಗೆ ತೂರಾಡುವುದು ಕಂಡರೆ ಕುಡಿದವನಂತಿದ್ದಾನೆ ಎಂದು ಬೈಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ರಕ್ತ ಕೊಡಬೇಕಾದದ್ದು ಕೊನೆಯ ಮಾತ್ರೆಯಾದ 12 ತಾಸಿನ ನಂತರ, ಅಂದರೆ ರಾತ್ರಿ ಒಂಬತ್ತಕ್ಕೆ ನುಂಗಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ, ಬೆಳಗಿನ ಮಾತ್ರೆ ತೆಗೆದುಕೊಳ್ಳುವ ಮೊದಲು. ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆ ಆರು ತಿಂಗಳಿಗೊಮ್ಮೆ.

ಉತ್ತರ: ಆಪ್ತಸಮಾಲೋಚಕಿ, ಯಾದಗಿರಿ

ಚರಗಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ನನ್ನ ಕೆಲಸದ ಬಹುಪಾಲು ಇಂಥ ತಾಯಂದಿರ ಜೊತೆಗೇ. ನಿಮ್ಮ ಅವ್ವ ಮಾಡಿದ್ದು ಪ್ರೀತಿಯಿಂದ, ಅದಕ್ಕೆ ಅವರನ್ನು ದೂರಬೇಡಿ. ಆದರೆ ಅವರು ಎಣಿಸಿದಷ್ಟೂ ಎಣಿಕೆ ನಿಜಕ್ಕೂ ಅಗತ್ಯವೆಂದು ಅವನ ಮನಸ್ಸು ನಂಬುತ್ತದೆ. ಒಂದೇ ದಿನ ಕೈಬಿಟ್ಟರೆ ಮನೆಯಲ್ಲಿ ಜಗಳವೇಳುತ್ತದೆ. ತಮ್ಮನನ್ನೂ ಕೂರಿಸಿಕೊಂಡು, ಅವನ ಒಪ್ಪಿಗೆಯಿಂದ, ಅವನು ಶಾಂತವಾಗಿರುವ ಹೊತ್ತಿನಲ್ಲಿ ನಿರ್ಧರಿಸಬೇಕು. ನಾವು ಚಿಕ್ಕ ಭಯದಿಂದ ದೊಡ್ಡ ಭಯದವರೆಗೆ ಮೆಟ್ಟಿಲು ಬರೆಯುತ್ತೇವೆ. ನಿಮ್ಮ ಮನೆಯಲ್ಲಾದರೆ ಮೊದಲ ಮೆಟ್ಟಿಲು, ಅವ್ವ ನೀರು ಹಾಕಬಹುದು ಆದರೆ ಎಣಿಸಬಾರದು ಎಂಬುದಾಗಬಹುದು. ಮುಂದೆ, ನಡುವೆ ಯಾರಾದರೂ ಮಾತನಾಡಿಸಿದರೂ ಮೊದಲಿಂದ ಶುರುಮಾಡದಿರುವುದು. ಆಮೇಲೆ ತೊಗರಿಯ ಗೋಣಿಚೀಲ ಮುಟ್ಟಿ ಬಂದು, ಹತ್ತು ನಿಮಿಷ ತೊಳೆಯದೆ ಕಟ್ಟೆಯ ಮೇಲೆ ಕೂರುವುದು. ಆ ಹತ್ತು ನಿಮಿಷ ಅವನಿಗೆ ಬಹಳ ಕಷ್ಟ. ಎದೆ ಬಡಿದುಕೊಳ್ಳುತ್ತದೆ, ಬೆವರುತ್ತದೆ, ತೊಳೆಯದಿದ್ದರೆ ಅವ್ವನಿಗೇ ಏನೋ ಆಗುತ್ತದೆ ಎನ್ನಿಸುತ್ತದೆ. ತೊಳೆಯದೆಯೂ ಅದನ್ನು ತಾಳಿಕೊಳ್ಳಬಲ್ಲೆ ಎಂಬುದನ್ನು ಅವನ ದೇಹವೇ ಕಲಿಯಬೇಕು, ನಮ್ಮ ಉಪದೇಶದಿಂದ ಅದು ಬರುವುದಿಲ್ಲ. "ಸರಿಯಾಗಿ ತೊಳೆದೆನಾ" ಎಂದು ಅವನು ಹತ್ತು ಸಲ ಕೇಳಿದರೆ, "ಇದು ಗೀಳು ಕೇಳಿಸುತ್ತಿರುವ ಪ್ರಶ್ನೆ, ನಾನು ಉತ್ತರಿಸುವುದಿಲ್ಲ, ಆದರೆ ನಿನ್ನ ಜೊತೆ ಕೂತಿರುತ್ತೇನೆ" ಎಂದು ಅವ್ವ ಹೇಳಲಿ. ಇವೆಲ್ಲವನ್ನೂ ತರಬೇತಿಯಿರುವವರ ಮಾರ್ಗದರ್ಶನದಲ್ಲಿ ಮಾಡಿ, ನಿದ್ದೆ ಕೆಟ್ಟ ವಾರದಲ್ಲಿ ನಿಲ್ಲಿಸಿ.

ಜೊತೆಗೆ ಒಂದು ಸಾದಾ ನೋಟ್‌ಬುಕ್ ಇಡಿ. ಎಷ್ಟು ತಾಸು ಮಲಗಿದ, ಮನಸ್ಸು ಹೇಗಿತ್ತು, ತೊಳೆಯಲು ಎಷ್ಟು ನಿಮಿಷ ಹೋಯಿತು, ಈ ಮೂರನ್ನೇ ದಿನಕ್ಕೊಂದು ಸಾಲಿನಲ್ಲಿ ಬರೆದರೆ ಸಾಕು. ನಿದ್ದೆ ಮತ್ತು ತೊಳೆಯುವಿಕೆ ಎರಡೂ ಒಟ್ಟಿಗೇ ಇಳಿಯುತ್ತಿದ್ದರೆ ವೈದ್ಯರಿಗೆ ತಿಳಿಸುವ ಹೊತ್ತು ಬಂದಿದೆ ಎಂದರ್ಥ.

ಪ್ರತಿ ಸಲ ದೊಡ್ಡ ಊರಿಗೆ ಹೋಗಬೇಕಾಗಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ರೂಪುಗೊಂಡದ್ದೇ ನಮ್ಮ ಭಾಗದ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆಯ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿನ ದಿನವನ್ನು ಆಸ್ಪತ್ರೆಯಲ್ಲಿ ವಿಚಾರಿಸಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆಯಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ, ಇಲ್ಲಿ ಸುಧಾರಿಸದಿದ್ದರೆ ಅಲ್ಲಿಗೆ ಕಳುಹಿಸಲು ವೈದ್ಯರನ್ನು ಕೇಳಿ. ಗಾಣಗಾಪುರಕ್ಕೋ ಬಂದೇ ನವಾಜರ ದರ್ಗಾಕ್ಕೋ ಹೋಗುವವರನ್ನು ನಾನು ಎಂದೂ ತಡೆದಿಲ್ಲ; ಮಾತ್ರೆಯ ಡಬ್ಬಿ ಜೊತೆಗಿರಲಿ ಎಂದಷ್ಟೇ ಕೇಳಿಕೊಂಡಿದ್ದೇನೆ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ತಮ್ಮನ ಈಗಿನ ವೈದ್ಯರ ಮುಂದೆ ನೋಟ್‌ಬುಕ್ ಇಟ್ಟೆ, ಅವ್ವನ ಚಿಕ್ಕಪ್ಪನ ವಿಷಯವನ್ನೂ ಹೇಳಿದೆ. ಅವರು ಅದನ್ನು ಕಡತದಲ್ಲಿ ಬರೆದುಕೊಂಡು, ಎಸ್‌ಎಸ್‌ಆರ್‌ಐ ಸದ್ಯಕ್ಕೆ ಬೇಡ, ಮೊದಲು ಇಆರ್‌ಪಿ ನೋಡೋಣ ಎಂದರು. ಲಿಥಿಯಂ ಮಟ್ಟ 0.7 ಬಂದಿದೆ. ವಾರಕ್ಕೊಮ್ಮೆ ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಹೋಗುತ್ತಿದ್ದೇವೆ. ಮೆಟ್ಟಿಲುಗಳನ್ನು ತಮ್ಮನೇ ಬರೆದ, ಅದೇ ಹಳೆಯ ಸಣ್ಣ, ದುಂಡಗಿನ ಅಕ್ಷರದಲ್ಲಿ. ನಿನ್ನೆ ಅವ್ವ ನೀರು ಹಾಕಿದಳು, ಎಣಿಸಲಿಲ್ಲ. ಅವನು ಒಳಗೊಳಗೇ ಎಣಿಸಿದ ಎಂದು ಆಮೇಲೆ ತಾನೇ ಒಪ್ಪಿಕೊಂಡ, 14ರವರೆಗೆ ಹೋಯಿತಂತೆ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ.